ತೊಟ್ಟಿಯ ಉಪ್ಪು, ಕಾಲಿನ ನೀರು

…ಅಥವಾ ಅದು ಸಂಜೆಯಾಗಿರಲೇ ಇಲ್ಲವೇನೋ. ಸಂಜೆ ಎಂದು ಅನ್ನಿಸುವುದಕ್ಕೆ ಕಾರಣ ಆ ಕೆಂಪು ಬೆಳಕು. ಆದರೆ ಆ ವರ್ಷ ಉಪ್ಪಿನ ಚಪ್ಪರದ ಮೇಲೆ ಕೆಂಪು ಟಾರ್ಪಾಲು ಹೊದೆಸಿದ್ದರು, ಅದರಡಿ ನಡುಮಧ್ಯಾಹ್ನವೂ ಹಾಗೇ ಕಾಣುತ್ತಿತ್ತು. ನಾನು ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದೆ, ಮಡಿಲಲ್ಲಿ ಸಸ್ಯಶಾಸ್ತ್ರದ ನೋಟ್ಸು. ಅಮ್ಮ ಬಂಗುಡೆ ಮೀನು ಸೀಳುತ್ತಿದ್ದಳು. ನಾನು ಹೇಳಿದೆ, ಅವಳು ಕೇಳಿದಳು. ಇಷ್ಟು ಖಚಿತ. ಖಚಿತ ಎಂದು ಬರೆದ ಕೂಡಲೇ ಸಂಶಯ ಬರುತ್ತದೆ, ಬಂಗುಡೆಯೋ ತೊರಕೆಯೋ? ಅಮ್ಮ ಎಂದು ಬರೆಯುತ್ತಿದ್ದೇನೆ, ಆದರೆ ಬಾಯಲ್ಲಿ ಕರೆದದ್ದು ಅಬ್ಬಿ ಎಂದು. ಇಲ್ಲಿ ಮೊದಲ ಪುಟದಲ್ಲೇ ಇಷ್ಟು ಬದಲಾದ ಮೇಲೆ ಉಳಿದದ್ದನ್ನು ಹೇಗೆ ನಂಬುವುದು?

ಬಂಗುಡೆಯಾಗಲಿ ತೊರಕೆಯಾಗಲಿ ನನಗೆ ಬೇಕಿಲ್ಲ. ನನಗೆ ಬೇಕಾದದ್ದು ಒಂದೇ. ನಾನು ಆ ಮಾತು ಹೇಳಿದ್ದು ಮೊದಲೋ, ಅಬ್ಬಿ ಕದ್ದು ಉಪ್ಪು ತಿನ್ನಲು ಶುರು ಮಾಡಿದ್ದು ಮೊದಲೋ? ಹೃದಯ ಸೋತು ಮೈಯಲ್ಲಿ ನೀರು ನಿಲ್ಲುತ್ತಿದ್ದ ಹೆಂಗಸು ಅವಳು. ಅವಳಿಗೆ ಉಪ್ಪೆಂದರೆ ಏನು ಎಂದು ಈಗ ನನಗೆ ಗೊತ್ತು. ಆಗ ನನಗೆ ಹದಿನೇಳು ವರ್ಷ, ಗೊತ್ತಿದ್ದದ್ದು ಅರ್ಧ ಪಾಠ.

ನಾವು ಕುಂದಾಪುರದ ಬದಿಯ ನಾವುಂದದವರು. ಕಡಲಿನಿಂದ ನಾಲ್ಕು ತೆಂಗಿನ ಮರದಷ್ಟು ಈಚೆಗೆ ಮನೆ, ಮನೆಯಿಂದ ಎರಡು ಮರದಷ್ಟು ಆಚೆಗೆ ಉಪ್ಪಿನ ಚಪ್ಪರ. ಅಪ್ಪ ಮುಂಬೈಯಲ್ಲಿ ಒಂದು ಕ್ಯಾಂಟೀನಿನ ಅಡುಗೆಯವರು, ವರ್ಷಕ್ಕೊಮ್ಮೆ ಬರುತ್ತಿದ್ದರು. ಅಬ್ಬಿ ಮತ್ತು ಅವಳ ತಂಗಿ, ನನ್ನ ಚಿಕ್ಕಿ, ಇಬ್ಬರೂ ಸೇರಿ ಮಿಕ್ಕಿದ ಮೀನು ಕೊಂಡು ಉಪ್ಪು ಹಾಕಿ ಒಣಗಿಸುತ್ತಿದ್ದರು. ಹೊಟ್ಟೆ ಸೀಳಿ, ಕರುಳು ತೆಗೆದು, ಕಡಲ ನೀರಲ್ಲಿ ತೊಳೆದು, ಸಿಮೆಂಟಿನ ತೊಟ್ಟಿಯಲ್ಲಿ ಒಂದು ಪದರ ಮೀನು, ಒಂದು ಪದರ ಕಲ್ಲುಪ್ಪು, ಮತ್ತೆ ಮೀನು, ಮತ್ತೆ ಉಪ್ಪು. ಮೇಲೆ ಹಲಗೆ, ಹಲಗೆಯ ಮೇಲೆ ಕಲ್ಲು. ಒಂದು ಹನಿ ನೀರನ್ನೂ ಹಾಕುವುದಿಲ್ಲ. ಮರುದಿನ ಹಲಗೆ ಸರಿಸಿದರೆ ಮೀನು ನೀರಲ್ಲಿ ಮುಳುಗಿರುತ್ತದೆ. ಆ ನೀರು ಮೀನಿನ ಒಳಗಿಂದ ಬಂದದ್ದು. ಉಪ್ಪು ಎಳೆದದ್ದು. ಚಿಕ್ಕಂದಿನಿಂದ ಇದನ್ನು ನೋಡುತ್ತಾ ಬಂದ ನನಗೆ ಇದರಲ್ಲಿ ಆಶ್ಚರ್ಯಪಡುವುದಕ್ಕೆ ಏನೂ ಇರಲಿಲ್ಲ.

ಆಮೇಲೆ ಕಡಲ ಬದಿಯ ಹೊಯಿಗೆಯ ಮೇಲೆ ತೆಂಗಿನ ಮಡಲು ಹಾಸಿ ಬಿಸಿಲಿಗೆ. ಒಣಗಿತೋ ಇಲ್ಲವೋ ಎಂದು ನೋಡಲು ಅಬ್ಬಿಗೆ ಒಂದೇ ಪರೀಕ್ಷೆ, ಹೆಬ್ಬೆರಳು. ಮೀನಿನ ಬೆನ್ನಿನ ದಪ್ಪ ಜಾಗದಲ್ಲಿ ಒತ್ತುವುದು. ಗುಳಿ ಬಿದ್ದು ಹಾಗೇ ನಿಂತರೆ ಒಳಗೆ ನೀರಿದೆ, ಇನ್ನೊಂದು ದಿನ ಬೇಕು, ಅಥವಾ ಮತ್ತೆ ಉಪ್ಪು ಬೇಕು. ಗುಳಿ ಬೀಳದಿದ್ದರೆ ಆಯಿತು. ಸಾವಿರಾರು ಮೀನುಗಳ ಬೆನ್ನನ್ನು ಅವಳು ಹಾಗೆ ಒತ್ತಿರಬೇಕು. ಆ ಹೆಬ್ಬೆರಳ ತುದಿ ಚಪ್ಪಟೆಯಾಗಿತ್ತು.

ಕಾಲು ಊದಿದ್ದನ್ನು ಮೊದಲು ನೋಡಿದವಳು ಚಿಕ್ಕಿ. ಇದು ಚಿಕ್ಕಿಯೇ ಹೇಳಿದ್ದು, ನಾನು ಕಂಡದ್ದಲ್ಲ. ಹವಾಯಿ ಚಪ್ಪಲಿಯ ಪಟ್ಟಿ ಪಾದದ ಮೇಲೆ ಗೆರೆ ಕೊರೆದಿತ್ತಂತೆ. ಬೆಳಿಗ್ಗೆ ಇಲ್ಲ, ಸಂಜೆಗೆ ಇದೆ. ಬಸುರಿಯರ ಕಾಲೂ ಹಾಗೇ ಊದುತ್ತದೆ, ಚಿಕ್ಕಿಯ ಬಾಯಿಗೆ ಬೀಗವಿರಲಿಲ್ಲ.

“ಹ್ವಾಯ್, ಗಂಡ ಮುಂಬೈಯಗೆ, ಕಾಲ್ ಊದುದ್ ನಾವುಂದದಗೆ. ಇದೆಂತ ಮಾರಾಯ್ತಿ ಲೆಕ್ಕ?”

“ಫೋನಗೇ ಆಯ್ತೆ ಹೆಣೆ,” ಎಂದಳಂತೆ ಅಬ್ಬಿ. “ಎಸ್‌ಟಿಡಿ ಬೂತಿಗೆ ಹೋಯ್ ಬಂದದ್ದ್ ನೀನೂ ಕಂಡಿದ್ಯಲೆ.”

“ಹಾಂಗಾರೆ ಹುಟ್ಟುವ ಮಗು ಎಂತ ಮಾತಾಡುತ್ತ್? ಹಲೋ ಅಂಬುತ್ತಾ?”

ಮೀನು ಸೀಳುವ ಹೆಂಗಸರೆಲ್ಲ ಒಂದು ವಾರ ನಕ್ಕರು. ಅಬ್ಬಿಯನ್ನು ಕಂಡರೆ “ಹಲೋ” ಎನ್ನುತ್ತಿದ್ದರು. ಇದು ಮಾತ್ರ ನನಗೂ ನೆನಪಿದೆ, ಯಾಕೆ ಹಲೋ ಎನ್ನುತ್ತಾರೆ ಎಂದು ಆಗ ನನಗೆ ಯಾರೂ ಹೇಳಲಿಲ್ಲ. ಆ ನಗೆ ಎಷ್ಟು ತಿಂಗಳನ್ನು ತಿಂದಿತು ಎನ್ನುವುದು ಈಗ ಎಣಿಸಿದರೂ ಸಿಗುವುದಿಲ್ಲ. ಯಾರೋ ಆನೆಕಾಲು ಎಂದರು. ಆನೆಕಾಲಿಗೆ ಎಲ್ಲರೂ ಹೆದರುತ್ತಿದ್ದರು, ನಮ್ಮ ಬದಿಯಲ್ಲಿ ಅದನ್ನು ಕಾಣದವರಿಲ್ಲ. ಆದರೆ ಆನೆಕಾಲು ಸಾಮಾನ್ಯವಾಗಿ ಒಂದು ಕಾಲಿಗೆ, ಇವಳದ್ದು ಎರಡೂ. ಎರಡೂ ಎಂದ ಮೇಲೆ ಸಮಾಧಾನವಾಯಿತು. ಎರಡು ಕಾಲು ಒಟ್ಟಿಗೆ ಊದುವುದು ಹೆದರಬೇಕಾದದ್ದಲ್ಲ, ನಿಂತು ಕೆಲಸ ಮಾಡುವವರಿಗೆ ಆಗುವುದೇ, ಎಂದು ನಾವು ನಾವೇ ತೀರ್ಮಾನಿಸಿದೆವು.

ಒಂದು ದಿನ ಅವಳು ಅಂಗಳದಲ್ಲಿ ಕೂತು ತನ್ನ ಮೊಣಕಾಲಿನ ಕೆಳಗೆ, ಮೂಳೆಯ ಮೇಲೆ, ಹೆಬ್ಬೆರಳಿಂದ ಒತ್ತಿದಳು. ಬೆರಳು ತೆಗೆದಳು. ಗುಳಿ ಬಿದ್ದಿತ್ತು, ಕಡಲೆಕಾಳು ಇಡುವಷ್ಟು. ಅದು ತುಂಬಿಕೊಳ್ಳುವುದನ್ನು ಅವಳು ಕಾದಳು. ನಾನೂ ಕಾದೆ.

“ಒಣಗ್ಲಿಲ್ಲೆ,” ಎಂದಳು.

ನಾನು ನಕ್ಕೆ. ತಮಾಷೆಗೆ ಹೇಳಿದ್ದಾಳೆ ಎಂದುಕೊಂಡಿದ್ದೆ.

ಕುಂದಾಪುರದ ವೈದ್ಯರ ಬಳಿಗೆ ನಾನೇ ಕರೆದುಕೊಂಡು ಹೋದದ್ದು. ಆಗ ನಾನು ಅಲ್ಲಿಯೇ ಪಿಯುಸಿ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ತೊಂಬತ್ತೆಂಟೋ, ತೊಂಬತ್ತೊಂಬತ್ತರ ಆರಂಭವೋ. ಅಷ್ಟರಲ್ಲಿ ಅಬ್ಬಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು, ಬೆಳಿಗ್ಗೆ ಕಣ್ಣಿನ ಕೆಳಗೂ ಬೀಗಿರುತ್ತಿತ್ತು. ವೈದ್ಯರು ವಯಸ್ಸಾದವರು, ತಾಳ್ಮೆಯವರು. ಎದೆಗೆ ಸ್ಟೆತಸ್ಕೋಪು ಇಟ್ಟು ತುಂಬ ಹೊತ್ತು ಕೇಳಿದರು. ಆಮೇಲೆ ಬಗ್ಗಿ ಅವಳ ಕಾಲಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿದರು.

ಅಬ್ಬಿಯ ಮುಖ ನನಗೆ ಈಗಲೂ ಕಾಣುತ್ತದೆ. ಕಾಣುತ್ತದೆ ಎಂದು ಅಂದುಕೊಂಡಿದ್ದೇನೆ. ಅಪರಿಚಿತ ಊರಲ್ಲಿ ತನ್ನ ಜಾತಿಯವರೊಬ್ಬರು ಸಿಕ್ಕಿದ ಹಾಗೆ ಅರಳಿತು. ಇವರಿಗೂ ಗೊತ್ತಿದೆ, ಒತ್ತಿ ನೋಡುವುದು ಇವರಿಗೂ ಗೊತ್ತಿದೆ!

“ನೀರು ನಿಂತಿದೆ,” ಎಂದರು ವೈದ್ಯರು.

“ಹೌದ್ ಡಾಕ್ಟ್ರೇ,” ಎಂದಳು ಅಬ್ಬಿ, ಸಹೋದ್ಯೋಗಿಗೆ ಹೇಳುವ ಹಾಗೆ. “ಗುಳಿ ಬೀಳ್ತ್. ನಾನೂ ಕಂಡಿದ್ದೆ.”

ಅವರು ವಿವರಿಸಿದರು. ಹೃದಯ ಒಂದು ಪಂಪು. ಚಿಕ್ಕಂದಿನ ಯಾವುದೋ ಜ್ವರ ಅದರ ಒಂದು ಬಾಗಿಲನ್ನು ಕೆಡಿಸಿದೆ. ಪಂಪಿಗೆ ಬಲ ಸಾಲದೆ ರಕ್ತ ಹಿಂದೆ ನಿಲ್ಲುತ್ತದೆ, ಅದರೊಳಗಿನ ನೀರು ಸೋಸಿ ಮಾಂಸಕ್ಕೆ ಇಳಿಯುತ್ತದೆ, ಇಳಿದದ್ದು ತಗ್ಗಿಗೆ ಹೋಗುತ್ತದೆ, ಅದಕ್ಕೇ ಕಾಲು. ನೀರಿನ ಮಾತ್ರೆ ಬರೆದರು. ಕುಡಿಯುವ ನೀರಿಗೆ ಲೆಕ್ಕ ಇಡಬೇಕು ಎಂದರು. ಉಪ್ಪು ಬಿಡಬೇಕು. ಒಣಮೀನು, ಉಪ್ಪಿನಕಾಯಿ, ಹಪ್ಪಳ, ಎಲ್ಲ ಬಿಡಬೇಕು.

“ಉಪ್ಪೆಂತಕೆ ಬಿಡುದ್?” ಎಂದು ಕೇಳಿದಳು.

“ಉಪ್ಪು ಮೈಯಲ್ಲಿ ನೀರನ್ನು ಹಿಡಿದಿಡುತ್ತದೆ ಅಮ್ಮ.”

ಅರಳಿದ್ದ ಅಬ್ಬಿಯ ಮುಖ ಮುಚ್ಚಿಕೊಂಡಿತು. ಬಸ್ಸು ಹತ್ತಿ, ಸೀಟು ಸಿಕ್ಕಿ, ಊರು ದಾಟಿದ ಮೇಲೆ ಬಾಯಿ ಬಿಟ್ಟಳು.

“ಉಪ್ಪ್ ನೀರ್ ಹಿಡಿತ್ತಂಬ್ರ್! ಈ ಡಾಕ್ಟ್ರಿಗೆ ಒಂದ್ ವಾರ ನಮ್ಮ ತೊಟ್ಟಿ ಕಾಯುಕೆ ಹೇಳ್ಕ್.”

“ಅವ್ರ್ ಓದಿದವ್ರಲ್ದಾ ಅಬ್ಬಿ?”

“ಓದಿದ್ರ್. ಒತ್ತುಕೆ ಕಲ್ತಿದ್ರ್. ಉಪ್ಪ್ ಹಾಕುಕೆ ಕಲೀಲಿಲ್ಲೆ.”

ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ ನಕ್ಕಳು. ಅಬ್ಬಿಯೂ ನಕ್ಕಳು. ನಾನೂ. ಆ ನಗೆಯಲ್ಲಿ ನನ್ನ ಪಾಲು ಎಷ್ಟು ಎಂದು ಕೇಳಿಕೊಳ್ಳುತ್ತೇನೆ. ನಾನು ಒಪ್ಪಿ ನಕ್ಕೆನೋ, ಅವಳನ್ನು ಕಂಡು ನಕ್ಕೆನೋ? ಒಪ್ಪಿ ನಕ್ಕಿದ್ದರೆ ಆಗಲೇ ಆ ಪಾಠ ನನ್ನ ತಲೆಯಲ್ಲಿತ್ತು ಎಂದಾಯಿತು. ಅಂದರೆ ನಾನು ಅವಳಿಗೆ ಹೇಳಿದ್ದು ವೈದ್ಯರ ಬಳಿ ಹೋಗುವ ಮೊದಲು. ಆಗ ಉಪ್ಪು ಬಿಡಬೇಕು ಎಂದು ಯಾರೂ ಹೇಳಿರಲಿಲ್ಲ, ನನ್ನ ತಪ್ಪೂ ಅಷ್ಟು ದೊಡ್ಡದಲ್ಲ. ನೋಡಿ, ನೆನಪು ಎಲ್ಲಿಗೆ ಜಾರುತ್ತದೆ ಎಂದು. ತಗ್ಗಿಗೆ.

ಆ ಪಾಠವನ್ನು ಈಗ ಹೇಳಬೇಕು. ನಮ್ಮ ಮನೆಯಲ್ಲಿ ವಿಜ್ಞಾನ ಓದಿದ ಮೊದಲ ಜೀವ ನಾನು. ಕಾಲೇಜಿನಲ್ಲಿ ಇಂಗ್ಲಿಷಿನ ಪಾಠ ತಲೆಗೆ ಹತ್ತದೆ ಹಿಂದಿನ ಬೆಂಚಿನಲ್ಲಿ ಕೂತಿರುತ್ತಿದ್ದೆ. ಒಂದು ದಿನ ಉಪನ್ಯಾಸಕರು ಆಲೂಗಡ್ಡೆಯೊಂದನ್ನು ಕೊರೆದು, ಬಟ್ಟಲು ಮಾಡಿ, ಅದರೊಳಗೆ ಉಪ್ಪು ಹಾಕಿ ಇಟ್ಟರು. ಗಂಟೆ ಮುಗಿಯುವುದರೊಳಗೆ ಬಟ್ಟಲಲ್ಲಿ ನೀರು. ಅಭಿಸರಣೆ. ಇಡೀ ತರಗತಿ ಬೆರಗಾಯಿತು. ನನಗೆ ಮೊದಲ ಬಾರಿಗೆ ಬೆರಗಾಗಲಿಲ್ಲ, ಅದೇ ನನ್ನ ಸಂತೋಷ. ಇದು ನಮ್ಮ ತೊಟ್ಟಿ! ಪಟ್ಟಣದ ಹುಡುಗಿಯರಿಗೆ ಗೊತ್ತಿಲ್ಲದ್ದು ನನಗೆ ಹುಟ್ಟಿನಿಂದ ಗೊತ್ತು.

ಓಡಿ ಬಂದು ಅಬ್ಬಿಗೆ ಹೇಳಿದೆ. ಅದೇ ದಿನವೋ, ಒಂದು ವಾರ ಬಿಟ್ಟೋ, ಪರೀಕ್ಷೆಗೆ ಮತ್ತೆ ಓದುವಾಗಲೋ. ತೊಟ್ಟಿಯ ಕಟ್ಟೆ, ಕೆಂಪು ಬೆಳಕು, ಮಡಿಲಲ್ಲಿ ನೋಟ್ಸು.

“ನೀನ್ ಮಾಡುದನ್ನೇ ನಮ್ಗೆ ಕಾಲೇಜಗೆ ಹೇಳಿ ಕೊಡ್ತ್ರ್ ಅಬ್ಬಿ. ಉಪ್ಪ್ ಜೀವಕೋಶದ ಒಳಗಿನ ನೀರನ್ನ್ ಹೊರಗೆ ಎಳಿತ್ತ್.”

“ಪುಸ್ತಕ್ದಗೆ ಇತ್ತಾ?”

“ಇತ್ತ್.”

“ಮೀನಿಗ್ ಮಾತ್ರವಾ?”

“ಎಲ್ಲದಕ್ಕೂ. ಆಲೂಗಡ್ಡೆಗೂ. ಜೀವ ಇಪ್ಪ ಎಲ್ಲದಕ್ಕೂ ಒಂದೇ ನಿಯಮ.”

ಅವಳು ಕತ್ತಿಯನ್ನು ಒರಸಿದಳು. “ಕಾಣ್ ಹಾಂಗಾರೆ,” ಎಂದು ಚಿಕ್ಕಿಗೆ ಹೇಳಿದಳು. “ನಾವ್ ಕಾಲೇಜಿಗ್ ಹೋಗ್ದೇ ಪಾಸ್.”

ಇದು ವೈದ್ಯರನ್ನು ಕಂಡ ಮೇಲೆ ನಡೆದದ್ದಾದರೆ ಅವಳ ‘ಮೀನಿಗ್ ಮಾತ್ರವಾ’ ಎಂಬ ಪ್ರಶ್ನೆಗೆ ಬೇರೆಯೇ ಅರ್ಥ ಬರುತ್ತದೆ. ಅದನ್ನು ಕೇಳುವಾಗ ಅವಳು ತನ್ನ ಕಾಲನ್ನು ನೋಡಿದಳೇ? ನೆನಪಿನಲ್ಲಿ ನಾನು ಅವಳ ಕಣ್ಣನ್ನು ಕಾಲಿನ ಕಡೆಗೆ ತಿರುಗಿಸಬಲ್ಲೆ, ಮೀನಿನ ಕಡೆಗೂ ತಿರುಗಿಸಬಲ್ಲೆ. ಎರಡೂ ಸಲ ಅವಳು ನಾನು ಹೇಳಿದ ಹಾಗೆ ಕೇಳುತ್ತಾಳೆ.

ಮನೆಯಲ್ಲಿ ಉಪ್ಪು ನಿಂತಿತು. ಅವಳಿಗೆಂದು ಬೇರೆ ಸಾರು, ಉಪ್ಪಿಲ್ಲದ್ದು. ಗಂಜಿಗೂ ಉಪ್ಪಿಲ್ಲ. ಅವಳು ಮುಖ ಕಿವುಚದೆ ಉಣ್ಣುತ್ತಿದ್ದಳು, ನಾನು ಎದುರಿಗೆ ಕೂತು ಕಾಯುತ್ತಿದ್ದೆ. ನೀರಿಗೆ ಒಂದು ಬಾಟಲಿ ಗೊತ್ತು ಮಾಡಿದ್ದೆ. ಬೀಗಿದ್ದನ್ನು ಅಳೆಯಲು ನನ್ನದೇ ಒಂದು ಉಪಾಯವಿತ್ತು. ಬಲೆಯ ನೈಲಾನ್ ದಾರವನ್ನು ಪಾದದ ಮೇಲೆ, ಹರಡಿನ ಸುತ್ತ ಸುತ್ತಿ, ಸೇರಿದಲ್ಲಿ ಗಂಟು ಹಾಕುವುದು. ಪ್ರತಿ ಭಾನುವಾರ ಒಂದು ಗಂಟು. ಮಾತ್ರೆ ಶುರುವಾದ ಮೇಲೆ ಮೂರು ವಾರ ಗಂಟು ಹಿಂದೆ ಸರಿಯಿತು. ನಾನು ಹಿಗ್ಗಿದೆ. ಆಮೇಲೆ ನಿಂತಿತು. ಆಮೇಲೆ ಮುಂದೆ ಬಂತು.

ಮತ್ತೆ ಕುಂದಾಪುರ. ಮಾತ್ರೆ ಒಂದಿದ್ದದ್ದು ಎರಡಾಯಿತು. ಮತ್ತೆ ಗಂಟು ಮುಂದೆ. ಮತ್ತೆ ಕುಂದಾಪುರ. ಆ ಸಲ ವೈದ್ಯರು ಕನ್ನಡಕ ತೆಗೆದಿಟ್ಟು ಅಬ್ಬಿಯನ್ನೇ ನೋಡುತ್ತ ಕೇಳಿದರು.

“ಉಪ್ಪು ತಿನ್ನುತ್ತಿದ್ದೀರಾ ಅಮ್ಮ? ಬೈಯುವುದಿಲ್ಲ, ಹೇಳಿ.”

ಉತ್ತರ ಕೊಟ್ಟವಳು ನಾನು. ಇದರಲ್ಲಿ ಸಂಶಯವೇ ಇಲ್ಲ, ಸಂಶಯ ಇದ್ದಿದ್ದರೆ ಎಂದು ಆಸೆ. “ಇಲ್ಲ ಡಾಕ್ಟ್ರೇ, ನಾನೇ ನೋಡಿಕೊಳ್ಳುತ್ತಿದ್ದೇನೆ. ಒಂದು ಕಲ್ಲು ಉಪ್ಪೂ ಇಲ್ಲ,” ಎಂದೆ. ಸಿಟ್ಟಿನಿಂದಲೇ ಎಂದೆ. ನನ್ನ ದಾರ, ನನ್ನ ಬಾಟಲಿ, ನನ್ನ ಸಪ್ಪೆ ಸಾರು, ಎಲ್ಲದಕ್ಕೂ ಅವಮಾನವಾದ ಹಾಗೆ. ಅಬ್ಬಿ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದಳು. ವೈದ್ಯರು ನನ್ನನ್ನು ನಂಬಿದರು. ನಂಬಿ, ಹೃದಯವೇ ಇನ್ನಷ್ಟು ಸೋತಿದೆ ಎಂದು ಬರೆದುಕೊಂಡರು.

ಎಷ್ಟು ದಿನ ಕಳೆದವೋ. ಒಂದು ಮಧ್ಯಾಹ್ನ ಕಾಲೇಜು ಬೇಗ ಬಿಟ್ಟಿತು. ಮನೆಯಲ್ಲಿ ಅಬ್ಬಿ ಇರಲಿಲ್ಲ. ವೈದ್ಯರು ಕೆಲಸವನ್ನೂ ಬಿಡಬೇಕು ಎಂದು ಹೇಳಿದ್ದರಿಂದ ಚಪ್ಪರದ ಕಡೆ ಹೋಗಿರಲಾರಳು ಎಂದುಕೊಂಡು, ಆದರೂ ಅಲ್ಲಿಗೇ ಹೋದೆ.

ಅವಳು ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದಳು, ಕಾಲು ತೊಟ್ಟಿಯೊಳಗೆ. ಮೊಣಕಾಲಿನ ತನಕ ಕಲ್ಲುಪ್ಪು. ಸುಮ್ಮನೆ ಸುರಿದದ್ದಲ್ಲ, ಕೈಯಿಂದ ಒತ್ತಿ ಒತ್ತಿ, ಸಂದಿಲ್ಲದ ಹಾಗೆ, ದಪ್ಪ ತೊರಕೆ ಮೀನಿಗೆ ಹಾಕುವಷ್ಟು ಜಾಗ್ರತೆಯಿಂದ ತುಂಬಿದ್ದು. ಹಿಮ್ಮಡಿಯ ಒಡಕುಗಳಿಗೆ ಅದು ಹೇಗೆ ಉರಿದಿರಬೇಕು. ಅವಳ ಒಂದು ಕೆನ್ನೆ ಉಬ್ಬಿತ್ತು. ಬಾಯಲ್ಲೂ ಒಂದು ಹರಳು, ಕಲ್ಲುಸಕ್ಕರೆಯ ಹಾಗೆ ಚೀಪುತ್ತಿದ್ದಳು. ಚಿಕ್ಕಿ ಪಕ್ಕದಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

ನನ್ನನ್ನು ಕಂಡು ಅಬ್ಬಿ ಅಡಗಿಸಲಿಲ್ಲ. ಅಡಗಿಸಿದ್ದರೆ ನಾನು ಬೈದು ಮುಗಿಸುತ್ತಿದ್ದೆ.

“ಬಾ ಮಗಾ, ಕಾಣ್,” ಎಂದಳು. ಕಾಲಿನ ಪಕ್ಕದ ಉಪ್ಪನ್ನು ಸ್ವಲ್ಪ ಸರಿಸಿ ತೋರಿಸಿದಳು. ಉಪ್ಪು ಒದ್ದೆಯಾಗಿತ್ತು. “ಬಪ್ಪುಕೆ ಶುರುವಾಯ್ತ್. ಒಳಗಿನ ನೀರ್. ಹೊರಗಿಂದ ಒಂದ್, ಒಳಗಿಂದ ಒಂದ್, ಎರಡೂ ಬದಿಯಿಂದ ಎಳಿಕ್.”

ಅದು ಬೆವರು. ಕಡಲ ಬದಿಯ ಗಾಳಿಗೆ ಉಪ್ಪು ತಾನಾಗಿಯೇ ಒದ್ದೆಯಾಗುತ್ತದೆ. ಇದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು, ವರ್ಷವಿಡೀ ಚೀಲಗಳನ್ನು ಮುಚ್ಚಿ ಕಾಪಾಡಿದವಳು ಅವಳು. ಗೊತ್ತಿದ್ದೂ ಆ ದಿನ ಅದನ್ನು ಮರೆತಿದ್ದಳು.

ನಾನು ಕಿರುಚಿದೆ. ಏನೆಂದು ಕಿರುಚಿದೆ ಗೊತ್ತಿಲ್ಲ. ಚಿಕ್ಕಿ ಎದ್ದು ನಿಂತು, “ಹೋಯ್, ಅಬ್ಬಿಗೆ ಹಾಂಗ್ ಹೇಳುದಾ? ನಾಲ್ಕ್ ಅಕ್ಷರ ಕಲ್ತ್ ನಾಲ್ಗಿ ಉದ್ದ ಆಯ್ತಾ ನಿನ್ದ್?” ಎಂದಳು. ಅಬ್ಬಿ ಚಿಕ್ಕಿಯನ್ನು ಸುಮ್ಮನಾಗಿಸಿ, ನನ್ನನ್ನೇ ನೋಡಿದಳು. ಸಿಟ್ಟಿಲ್ಲ. ಒಗಟು ಬಿಡಿಸಲಾರದವರ ಮುಖ.

“ನೀನೇ ಹೇಳದ್ದಲ್ದಾ? ಎಲ್ಲದಕ್ಕೂ ಒಂದೇ ಅಂತ್ಹೇಳಿ?”

ನಾನು ಏನು ಉತ್ತರಿಸಬೇಕಿತ್ತು ಎಂದು ಈಗ ಗೊತ್ತಿದೆ. ಆಗ ಗೊತ್ತಿರಲಿಲ್ಲ. ವೈದ್ಯರ ಮಾತೂ ಸರಿ, ಪುಸ್ತಕವೂ ಸರಿ, ತೊಟ್ಟಿಯೂ ಸರಿ, ಹಾಗಾದರೆ ಕಾಲು ಯಾಕೆ ಒಣಗುವುದಿಲ್ಲ? ನನ್ನ ಬಳಿ ಇದ್ದದ್ದು “ಡಾಕ್ಟ್ರು ಬೇಡ ಎಂದಿದ್ದಾರೆ” ಎನ್ನುವುದೊಂದೇ. ಅವಳು ಕಾರಣ ಕೇಳುತ್ತಿದ್ದಳು, ನಾನು ಅಪ್ಪಣೆ ಕೊಡುತ್ತಿದ್ದೆ. ಕೊನೆಗೆ ಕಾಲು ತೆಗೆದಳು. ತೆಗೆಯುವಾಗ ಉಪ್ಪಿನಲ್ಲಿ ಎರಡು ಬಾವಿ ಉಳಿದವು, ಒಂದು ಕ್ಷಣ, ಆಮೇಲೆ ಕುಸಿದವು.

ಅಷ್ಟರಲ್ಲಿ ತಡವಾಗಿತ್ತೇ ಇಲ್ಲವೇ ಎಂದು ಕೇಳಬೇಡಿ. ಚರ್ಮ ಬಿರಿದು ಕಾಲಿನಿಂದ ನೀರು ಜಿನುಗಲು ಶುರುವಾಯಿತು, ಹನಿ ಹನಿಯಾಗಿ, ಹಾಸಿದ ಬಟ್ಟೆ ಒದ್ದೆಯಾಗುವಷ್ಟು. ಅಬ್ಬಿ ಅದನ್ನು ಕಂಡು ಸಂತೋಷಪಟ್ಟಳು. ಕೊನೆಗೂ ಬರುತ್ತಿದೆ ಎಂದಳು. ನನಗೆ ಇಡೀ ವಿಷಯದಲ್ಲಿ ತಾಳಿಕೊಳ್ಳಲಾಗದ್ದು ಸಾವಲ್ಲ, ಈ ಸಂತೋಷ. ನಾನು ಅದನ್ನು ತಿದ್ದಲಿಲ್ಲ. ದಿಂಬು ಒಂದರ ಮೇಲೊಂದು ಇಟ್ಟು ಕೂತೇ ಇರುತ್ತಿದ್ದಳು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಆಸ್ಪತ್ರೆಗೆ ಸೇರಿಸಿದೆವು. ಅಪ್ಪ ಮುಂಬೈಯಿಂದ ಬಂದರು, ಮಂಚದ ಕಾಲ ಬಳಿ ನಿಂತು, ಆ ಕಾಲುಗಳನ್ನು ನೋಡಿ, “ಇದ್ ಯಾರ ಕಾಲ್?” ಎಂದರು. ತಮಾಷೆ ಮಾಡುವ ಮನುಷ್ಯನಲ್ಲ ಅವರು.

ಸೂಜಿಯಲ್ಲಿ ಮದ್ದು ಕೊಟ್ಟ ಮೇಲೆ ನೀರು ಇಳಿಯಿತು. ಎರಡೇ ದಿನದಲ್ಲಿ. ಕಾಲು ಸಣ್ಣಗಾಗಿ, ಚರ್ಮ ಸುಕ್ಕುಸುಕ್ಕಾಗಿ ಸಡಿಲವಾಯಿತು. ಮೈಯಲ್ಲಿ ಎಷ್ಟು ಕಡಿಮೆ ಮಾಂಸ ಉಳಿದಿತ್ತು ಎಂದು ಆಗ ಗೊತ್ತಾಯಿತು. ಇಷ್ಟು ದಿನ ನೀರೇ ಅವಳ ಆಕಾರ ಹಿಡಿದು ನಿಂತಿತ್ತು. ಚಿಕ್ಕಿ ಹಾಲಿಲ್ಲದ ಚಹಾ ತಂದು ಕೂತಿದ್ದಾಗ ಅಬ್ಬಿ ತನ್ನ ಮೂಳೆಯ ಮೇಲೆ ಒತ್ತಿ ನೋಡಿದಳು. “ಈಗಳ್ ಮಾರುಕೆ ಅಡ್ಡಿ ಇಲ್ಲೆ,” ಎಂದಳು. ಚಿಕ್ಕಿ, “ನಿನ್ನನ್ಯಾರ್ ತಕಂತ್ರ್ ಹೆಣೆ, ಬರೀ ಮುಳ್ಳ್,” ಎಂದು ಹೇಳಿ ಹೊರಗೆ ಹೋಗಿ ಅತ್ತಳು. ಮರುದಿನ ಬೆಳಿಗ್ಗೆ, ಮಂಚ ಒರಸುವವರು ಬಂದು ಹೋದ ಮೇಲೆ, ಅಬ್ಬಿ ತೀರಿಕೊಂಡಳು. ಕಾಲು ಒಣಗಿತ್ತು.

ಈಗ ನಾನು ಬ್ರಹ್ಮಾವರದಾಚೆ ಕೊಕ್ಕರ್ಣೆಯ ಬದಿಯ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಪ್ರತಿ ವರ್ಷ ಆ ಪಾಠ ಬರುತ್ತದೆ. ಪ್ರತಿ ವರ್ಷ ಆಲೂಗಡ್ಡೆ ಕೊರೆಯುತ್ತೇನೆ. ಎರಡು ಸಾವಿರದ ಐದೋ ಆರೋ, ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹಳೆಯದೊಂದು ಶರೀರಶಾಸ್ತ್ರದ ಪುಸ್ತಕವನ್ನು ತರಿಸಿ ಊತದ ಅಧ್ಯಾಯವನ್ನು ಡಿಕ್ಷನರಿ ಹಿಡಿದು ಓದಿದೆ. ಅರ್ಥವಾದದ್ದು ಇಷ್ಟು. ನೀರು ಉಪ್ಪಿರುವ ಕಡೆಗೆ ಹೋಗುತ್ತದೆ. ತೊಟ್ಟಿಯಲ್ಲಿ ಉಪ್ಪು ಮೀನಿನ ಹೊರಗಿದೆ, ನೀರು ಹೊರಗೆ ಬರುತ್ತದೆ. ತಿಂದ ಉಪ್ಪು ರಕ್ತಕ್ಕೆ ಸೇರುತ್ತದೆ, ಮೈಯ ಒಳಗೇ ಉಳಿಯುತ್ತದೆ, ನೀರೂ ಒಳಗೇ ಉಳಿಯುತ್ತದೆ. ಬದುಕಿರುವ ಚರ್ಮ ಸೀಳಿದ ಮೀನಿನ ಹಾಗೆ ತೆರೆದುಕೊಂಡಿಲ್ಲ, ಹೊರಗೆ ತುಂಬಿದ ಉಪ್ಪಿಗೆ ಅದು ದಾರಿ ಬಿಡುವುದಿಲ್ಲ. ಇನ್ನೂ ಒಂದಿದೆ. ಹೃದಯ ಸೋತಾಗ ಮೂತ್ರಪಿಂಡಗಳಿಗೆ ಸಾಕಷ್ಟು ರಕ್ತ ತಲುಪುವುದಿಲ್ಲ. ಮೈಯಲ್ಲಿ ನೀರೇ ಕಡಿಮೆಯಾಗಿದೆ ಎಂದು ಅವು ತಪ್ಪು ತಿಳಿದು, ಇದ್ದ ಉಪ್ಪನ್ನೂ ನೀರನ್ನೂ ಬಿಗಿಯಾಗಿ ಹಿಡಿದಿಡುತ್ತವೆ. ಕಾಲು ಬಿರಿಯುವಷ್ಟು ನೀರು ತುಂಬಿದ ಮೈ, ಬರಗಾಲ ಬಂದಿದೆ ಎಂದು ನಂಬಿ ಕೂಡಿಡುತ್ತಿರುತ್ತದೆ.

ಆ ಪುಟ ಓದಿ ಪುಸ್ತಕ ಮುಚ್ಚಿದೆ. ಉಪ್ಪು ಯಾವ ಬದಿಗಿದೆ ಎಂದು ನೋಡು, ಅಷ್ಟೇ. ಒಂದು ವಾಕ್ಯ. ಅಬ್ಬಿಗೆ ಅದು ಅರ್ಧ ನಿಮಿಷದಲ್ಲಿ ಹೊಳೆಯುತ್ತಿತ್ತು, ನನಗಿಂತ ಚುರುಕು ಅವಳು. ಆ ವಾಕ್ಯ ನನ್ನಲ್ಲಿ ಆಗ ಇರಲಿಲ್ಲ. ಇದ್ದದ್ದು ಅದರ ಹಿಂದಿನ ವಾಕ್ಯ, ಅದನ್ನು ಕೊಟ್ಟೆ.

ಚಿಕ್ಕಿ ಈಗ ತೆಕ್ಕಟ್ಟೆಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಅವಳನ್ನು ಎರಡು ಸಲ ಕೇಳಿದ್ದೇನೆ. ಮೊದಲ ಸಲ, ಅವಳ ಮೊಮ್ಮಗಳ ನಾಮಕರಣಕ್ಕೆ ಹೋಗಿದ್ದಾಗ. ಅಬ್ಬಿ ಉಪ್ಪು ಬಾಯಿಗೆ ಹಾಕಿಕೊಳ್ಳಲು ಶುರು ಮಾಡಿದ್ದು ಯಾವಾಗ?

“ಅವಳ್ದ್ ಮುಂಚಿಂದ್ಲೂ ಇತ್ತ್ ಮಗಾ. ಕಾಲ್ ಊದ್ದ ಲಾಗಾಯ್ತ್. ಡಾಕ್ಟ್ರ್ ಹತ್ರ ಹೋಪುಕೂ ಮೊದ್ಲೇ. ನೀ ಎಂತಕೆ ಅದನ್ನೆಲ್ಲ ತಲಿಗ್ ಹಚ್ಕಂತೆ?”

ಆ ದಿನ ಬಸ್ಸಿನಲ್ಲಿ ಬರುವಾಗ ಮೈ ಹಗುರಾಗಿತ್ತು. ಬ್ರಹ್ಮಾವರ ಬರುವ ಮೊದಲೇ ಸಂಶಯ ಬಂತು. ಕೊನೆಯ ಮಾತು ಯಾಕೆ ಸೇರಿಸಿದಳು? ನಾನು ಏನನ್ನು ತಲೆಗೆ ಹಚ್ಚಿಕೊಂಡಿದ್ದೇನೆ ಎಂದು ನಾನು ಅವಳಿಗೆ ಹೇಳಿಯೇ ಇರಲಿಲ್ಲ.

ಎರಡನೇ ಸಲ ಎರಡು ಸಾವಿರದ ಹನ್ನೊಂದರ ನಂತರ ಎಂದಷ್ಟೇ ಹೇಳಬಲ್ಲೆ. ಚಿಕ್ಕಿ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ಅವಳಿಗೆ ವಯಸ್ಸಾಗಿತ್ತು. ಅದೇ ಪ್ರಶ್ನೆ ಕೇಳಿದೆ.

“ನೀ ಕಾಲೇಜಿಂದ ಬಂದ್ ಅದೆಂತದೋ ಹೇಳಿದ್ಯಲೆ, ಆಲೂಗಡ್ಡೆ ಕತಿ,” ಎಂದಳು. “ಅದನ್ನ್ ಕೇಂಡ್ ಅವಳಿಗ್ ಎಷ್ಟ್ ಖುಷಿ! ಮಗಳ್ ಓದದ್ದ್ ದಂಡ ಆಯ್ಲಿಲ್ಲೆ ಅಂದಳ್. ಆಮೇಲೇ ಅಲ್ದಾ…” ಎಂದವಳು ನನ್ನ ಮುಖ ನೋಡಿದಳು. “ಅಲ್ಲ, ಅದಕ್ಕೂ ಮೊದ್ಲೇ ಇತ್ತ್. ಇತ್ತೇನೋ. ಯಾವ್ದ್ ಮೊದ್ಲ್, ಯಾವ್ದ್ ಕಡೀಗೆ, ಯಾರ್ ಬರ್ದ್ ಇಟ್ಕಂಡಿದ್ರ್? ಚಾ ಕುಡಿ, ತಣಿತ್ತ್.”

ನಾನು ಚಹಾ ಕುಡಿದೆ. ಮೂರನೇ ಸಲ ಕೇಳಲಿಲ್ಲ. ಕೇಳಿದರೆ ಅವಳು ನನ್ನ ಮುಖ ನೋಡಿ ಯಾವುದು ಬೇಕೋ ಅದನ್ನು ಕೊಡುತ್ತಾಳೆ, ನನ್ನ ನೆನಪೂ ಅದನ್ನೇ ಮಾಡುತ್ತದೆ.

ಆದ್ದರಿಂದ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯುತ್ತೇನೆ. ಅಬ್ಬಿ ನನ್ನ ಮಾತು ಕೇಳಿ ಉಪ್ಪು ತಿಂದಳೋ, ತನ್ನ ಕೆಲಸವನ್ನು ನಂಬಿ ಮೊದಲೇ ತಿನ್ನುತ್ತಿದ್ದಳೋ, ಗೊತ್ತಿಲ್ಲ. ತಿನ್ನದೇ ಇದ್ದಿದ್ದರೆ ಎಷ್ಟು ದಿನ ಇರುತ್ತಿದ್ದಳು, ಅದೂ ಗೊತ್ತಿಲ್ಲ. ವೈದ್ಯರು ಉಪ್ಪು ತಿನ್ನುತ್ತೀರಾ ಎಂದು ಕೇಳಿದಾಗ ನಾನು ನಡುವೆ ಬಾಯಿ ಹಾಕದಿದ್ದರೆ ಅವಳು ಏನು ಹೇಳುತ್ತಿದ್ದಳು ಎನ್ನುವುದು ನನಗೆ ಗೊತ್ತಿಲ್ಲ.